ಅಂಬಿಗರ ಹುಲಿಗಿಗೆ ಸಿಕ್ಕ ಹೊಗಳಿಕೆ

ಕಾಲು ಒಳಗೆ ಎಳ್ಕೋ ಕೂಸೇ, ಕೌದಿ ಸರಿಯಾಗಿ ಹೊದ್ಕೋ. ಹೂಂ ಅಂತಿರಬೇಕು ಮತ್ತೆ, ನಿನ್ನ ಹೂಂ ನಿಂತರೆ ಕತೆನೂ ನಿಂತೋಗುತ್ತೆ.

ಒಂದಾನೊಂದು ಕಾಲದಲ್ಲಿ, ಹೊಳೆಗೆ ಅಡ್ಡ ಸೇತುವೆ ಕಟ್ಟಬಹುದು ಅಂತ ಯಾರ ಬುದ್ಧಿಗೂ ಬಾರದೇ ಇದ್ದ ಕಾಲದಲ್ಲಿ, ಸುಳಿಗಲ್ಲು ಅಂತ ಒಂದು ಊರಿತ್ತಂತೆ. ಈಚೆ ದಡದಲ್ಲಿ ಊರು, ಕೋಟೆ, ಕೋಟೆಯೊಳಗೆ ಬರಮನಾಯಕ ಅನ್ನೋ ದೊರೆ. ಆಚೆ ದಡದಲ್ಲಿ ಸಂತೆ, ಹೊಲ, ಬೀಗರ ಊರುಗಳು. ಆ ಕಡೆಗೆ ಹೋಗಬೇಕು ಅಂದ್ರೆ ಹರಿಗೋಲೇ ಗತಿ. ಹರಿಗೋಲು ಗೊತ್ತಲ್ಲ, ಬಿದಿರು ಹೆಣೆದು, ಮೇಲೆ ತೊಗಲು ಹೊದಿಸಿ, ದೊಡ್ಡ ಪುಟ್ಟಿ ಹಂಗೆ ದುಂಡಗೆ ಮಾಡಿರ್ತಾರೆ. ಅದಕ್ಕೆ ಮುಂದು ಹಿಂದು ಅನ್ನೋದಿಲ್ಲ, ಹುಟ್ಟು ಹಾಕೋರ ಕೈ ಸರಿಯಿಲ್ಲದಿದ್ರೆ ಬುಗುರಿ ಹಂಗೆ ನಿಂತಲ್ಲೇ ತಿರುಗ್ತಾ ಇರುತ್ತೆ.

ಆ ಊರ ಹರಿಗೋಲು ನಡೆಸ್ತಿದ್ದೋನು ಅಂಬಿಗರ ಸಂಕಪ್ಪ. ಅವನಿಗೆ ಮೂರು ಜನ ಮಕ್ಕಳಂತೆ. ದೊಡ್ಡೋನು ಪಾಮಣ್ಣ, ಎರಡನೆಯೋನು ಗಾದಿಲಿಂಗ, ಕೊನೇದು ಹೆಣ್ಣು, ಹುಲಿಗಿ. ಹೆಂಡ್ತಿ ಬೇಗ ತೀರ್ಕೊಂಡಿದ್ಲು, ಮನೇಲಿ ನೋಡ್ಕೊಳ್ಳೋರು ಇರಲಿಲ್ಲ, ಅದಕ್ಕೆ ಸಂಕಪ್ಪ ಮೂವರನ್ನೂ ಹರಿಗೋಲಲ್ಲೇ ಕೂರಿಸ್ಕೊಂಡು ಬೆಳೆಸಿದ್ನಂತೆ. ಮೂವರಿಗೂ ಒಂದೇ ನೀರಲ್ಲಿ ಹುಟ್ಟು ಹಾಕೋದು ಕಲಿಸಿದ, ಮೂವರಿಗೂ ಒಂದೇ ಬೈಗಳ ಬೈದ. ಆದ್ರೆ ಒಂದೇ ಹಿಟ್ಟಿನ ರೊಟ್ಟಿ ಅಂದ್ರೂ ಒಂದೊಂದು ಒಂದೊಂದು ಥರ ಬೇಯುತ್ತಲ್ಲ, ಹಂಗೆ. ಪಾಮಣ್ಣ ಬಾಗಿಲು ತುಂಬೋ ಆಳು, ತೋಳು ಒನಕೆ, ಮೀಸೆ ಮೇಲೆ ನಿಂಬೆಹಣ್ಣು ನಿಲ್ಲಿಸಬಹುದು. ಅವನನ್ನ ನೋಡಿದೋರೆಲ್ಲ, ಇವನು ಬಂದ್ರೆ ಹೊಳೇನೇ ಪಕ್ಕಕ್ಕೆ ಸರೀಬೇಕು ಅಂತಿದ್ರಂತೆ. ಗಾದಿಲಿಂಗ ಚಿಗರೆ ಹಂಗೆ ಚುರುಕು, ಮಾತಲ್ಲೇ ಮನೆ ಕಟ್ಟೋನು. ಹುಲಿಗಿ ಹುಣಸೆ ಬರಲು ಹಂಗೆ ಸಣ್ಣಗೆ, ಮಾತು ಕಮ್ಮಿ, ಯಾವಾಗ ನೋಡಿದ್ರೂ ನೀರಿನ ಕಡೆಗೇ ನೋಡ್ತಾ ಕೂತಿರೋಳು.

ಹಿಂಗಿರಬೇಕಾದ್ರೆ ಸಂಕಪ್ಪನಿಗೆ ವಯಸ್ಸಾಯ್ತು. ಒಂದಿನ ಹೆಗಲು ಹಿಡ್ಕೊಂಡಿದ್ದು ಬಿಡಲೇ ಇಲ್ಲವಂತೆ, ಕೈ ಎದೆಮಟ್ಟಕ್ಕಿಂತ ಮೇಲೆ ಏಳ್ತಾನೇ ಇರಲಿಲ್ಲವಂತೆ. ಆಮೇಲೆ ಅವನು ಕೋಟೆಗೆ ಹೋಗಿ ನಾಯಕನ ಮುಂದೆ ಹುಟ್ಟು ಇಟ್ಟು, ದೊರೆ, ನನ್ನ ಕೈಲಿ ಇನ್ನಾಗಲ್ಲ, ಜನರನ್ನ ಹೊಳೆ ದಾಟಿಸೋ ಈ ಕಡವನ್ನ ಬೇರೆ ಯಾರಿಗಾದ್ರೂ ಒಪ್ಪಿಸಿ ಅಂದ್ನಂತೆ. ನಾಯಕ, ನಿನ್ನ ಮಕ್ಕಳಲ್ಲಿ ಯಾರು ಆಗಬಹುದಪ್ಪಾ ಅಂತ ಕೇಳಿದ. ಸಂಕಪ್ಪ, ಹೆತ್ತೋನ ಬಾಯಲ್ಲಿ ಅದನ್ನ ಕೇಳಬೇಡಿ, ನೀವೇ ನೋಡಿ ಆರಿಸ್ಕೊಳ್ಳಿ ಅಂದು ಎದ್ದು ಬಂದ್ಬಿಟ್ನಂತೆ.

ಬರಮನಾಯಕ ಕೆಟ್ಟೋನಲ್ಲ ಕೂಸೇ. ನ್ಯಾಯವಾಗೇ ಆರಿಸೋಣ ಅಂದ್ಕೊಂಡು ಊರಲ್ಲಿ ಮೂರು ಜನ ಹಿರಿಯರನ್ನ ಕರೆಸಿದ. ಒಬ್ಬ ಊರಗೌಡ, ಒಬ್ಬ ಎಣ್ಣೆ ಶೆಟ್ಟಿ, ಒಬ್ಬ ಗುಡಿ ಪೂಜಾರಿ. ಸಂಕಪ್ಪನ ಮಕ್ಕಳಲ್ಲಿ ಯಾರು ಬೇಕಾದ್ರೂ ಬರಲಿ, ನೀವು ಮೂವರೂ ಹರಿಗೋಲಲ್ಲಿ ಕೂತು ಆಚೆಗೆ ಹೋಗಿ ಈಚೆಗೆ ಬನ್ನಿ, ಯಾರ ಕೈ ಒಳ್ಳೇದು ಅಂತ ಬಂದು ಹೇಳಿ ಅಂದ್ನಂತೆ. ಬರ್ತೀವಿ ಅಂತ ಇಬ್ಬರು ಅಣ್ಣಂದಿರೂ ಬಂದ್ರು. ಹಿಂದೆಯೇ ಸೆರಗು ಸಿಕ್ಕಿಸ್ಕೊಂಡು ಹುಲಿಗೀನೂ ಬಂದ್ಲು. ಊರೋರೆಲ್ಲ ದಡದ ಮೇಲೆ ನೆರೆದು, ಅಯ್ಯೋ ನೋಡ್ರೇ, ಕೂಸೂ ಬಂದೈತೆ ಅಂತ ನಕ್ಕರಂತೆ. ಕೆಟ್ಟ ನಗು ಅಲ್ಲ, ಮುದ್ದಿನ ನಗುವೇ.

ಮೊದಲು ಪಾಮಣ್ಣ ಕರ್ಕೊಂಡು ಹೋದ. ಬಲ ಹಾಕಿ ಹಾಕಿ ಹುಟ್ಟು ಎಳೆದ, ಆದ್ರೆ ಸೆಳವು ಯಾವ ಕಡೆಗಿದೆ ಅಂತ ನೋಡಲಿಲ್ಲ, ಹರಿಗೋಲು ಕೆಳಕ್ಕೆ ಕೆಳಕ್ಕೆ ಜಾರಿ ಎಮ್ಮೆ ತೊಳೆಯೋ ಕೆಸರಲ್ಲಿ ಹೋಗಿ ನಿಂತುಬಿಡ್ತಂತೆ. ಹಿರಿಯರು ಮೂವರೂ ಪಂಚೆ ಎತ್ತಿಕಟ್ಟಿ ಕೆಸರು ತುಳ್ಕೊಂಡು ದಡ ಹತ್ತಿದ್ರು. ಬಂದಮೇಲೆ ಗೌಡ ಏನಂದ ಗೊತ್ತಾ, ಇವತ್ತು ಗಾಳಿ ಜೋರಿತ್ತು ಬಿಡು, ಅವನೇನು ಮಾಡ್ತಾನೆ ಪಾಪ ಅಂದ್ನಂತೆ.

ಆಮೇಲೆ ಗಾದಿಲಿಂಗ. ನೋಡ್ತಾ ಇರಿ ನನ್ನ ಕೈಚಳಕ ಅಂತ ಹೊರಟೋನು ನಡು ಹೊಳೇಲಿ ಹರಿಗೋಲನ್ನ ಗಿರಗಿರ ಗಿರಗಿರ ತಿರುಗಿಸಿಬಿಟ್ಟ. ಶೆಟ್ಟಿ ಬೆಳಗ್ಗೆ ತಿಂದಿದ್ದ ರೊಟ್ಟಿಯೆಲ್ಲ ಹೊಳೆ ಪಾಲಾಯ್ತಂತೆ. ದಡಕ್ಕೆ ಬಂದು ಬಾಯಿ ಒರೆಸ್ಕೊಂಡು ಶೆಟ್ಟಿ, ಹುಡುಗು ರಕ್ತ, ಇನ್ನೊಂದು ಮಳೆಗಾಲ ಕಳೆದ್ರೆ ತಾನಾಗೇ ಹದಕ್ಕೆ ಬರ್ತಾನೆ ಅಂದ್ನಂತೆ.

ಕೊನೆಗೆ ಹುಲಿಗಿ. ಅವಳು ಹರಿಗೋಲನ್ನ ದಡದುದ್ದಕ್ಕೂ ಮೇಲಕ್ಕೆ ಎಳ್ಕೊಂಡು ಹೋಗಿ, ಅಲ್ಲಿಂದ ಸೆಳವಿಗೇ ಓರೆಯಾಗಿ ಬಿಟ್ಲು. ಹೊಳೆ ಎಳೆದ ಕಡೆಗೆ ಒಂಚೂರು ಹೋಗೋದು, ತಾನು ಎಳೆಯೋ ಕಡೆಗೆ ಒಂಚೂರು ಬರೋದು, ಹಿಂಗೆ ಮಾಡ್ತಾ ಮಾಡ್ತಾ ಆಚೆ ದಡದ ಮೆಟ್ಟಿಲಿಗೇ ತಂದು ನಿಲ್ಲಿಸಿದ್ಲಂತೆ. ಪೂಜಾರಿ ಎಲೆಗೆ ಸುಣ್ಣ ಹಚ್ತಾ ಕೂತಿದ್ದೋನು, ಯಾಕವ್ವಾ ಇನ್ನೂ ಹೊರಡಲಿಲ್ಲವಾ ಅಂತ ಕೇಳಿದ್ನಂತೆ.

ಅಬ್ಬಬ್ಬಬ್ಬಾ, ಆವತ್ತು ಹುಲಿಗಿಗೆ ಸಿಕ್ಕ ಹೊಗಳಿಕೆ ಅಷ್ಟಿಷ್ಟಲ್ಲ. ಹೆಣ್ಣಾಗಿ ಏನು ಹುಟ್ಟು ಹಾಕ್ತಾಳ್ರೀ ಅಂತ ಗೌಡ, ಇಷ್ಟೇ ಇಷ್ಟು ಕೈಯಲ್ಲಿ ಅಷ್ಟು ದೊಡ್ಡ ಹೊಳೆ ದಾಟಿಸಿದ್ಲಲ್ಲ ಅಂತ ಶೆಟ್ಟಿ, ಹುಲಿಗೆವ್ವ ತಾಯೀನೇ ಮೈಮೇಲೆ ಬಂದಿರಬೇಕು ಅಂತ ಪೂಜಾರಿ. ಊರ ಹೆಂಗಸರು ಆರತಿ ಎತ್ತಿದ್ರು, ಕೊರಳಿಗೆ ಹೂವಿನ ಸರ ಹಾಕಿದ್ರು. ನಾಯಕ ಹಸಿರು ಅಂಚಿನ ಸೀರೆ ಕೊಟ್ಟ, ಬಳೆಗಾರ ಕೈತುಂಬ ಬಳೆ ಏರಿಸಿದ. ಅಣ್ಣಂದಿರಿಗೆ ಒಂದು ಬಾಳೆಹಣ್ಣೂ ಸಿಗಲಿಲ್ಲ. ಹುಲಿಗಿ ಹೂವಿನ ಸರ ಹಾಕ್ಕೊಂಡೇ ಮನೆಗೆ ಹೋದ್ಲು, ಕಡವು ನಂದೇ ಆಯ್ತು ಅಂತ ಮನಸ್ಸಲ್ಲೇ ಅಂದ್ಕೊಂಡು ಹರಿಗೋಲಿಗೆ ಹೊಸ ತೊಗಲು ಎಲ್ಲಿಂದ ತರಿಸಬೇಕು ಅನ್ನೋದನ್ನೂ ಯೋಚನೆ ಮಾಡಿಬಿಟ್ಲಂತೆ.

ಬೆಳಗಾಯ್ತು. ಕೋಟೆ ಮುಂದೆ ಡಂಗುರ ಹೊಡೆಸಿ ನಾಯಕ ಹುಟ್ಟನ್ನ ಕೊಟ್ಟ. ಯಾರಿಗೆ? ಪಾಮಣ್ಣನಿಗೆ.

ಯಾಕೆ ಅಂತೀಯಾ? ಹುಲಿಗೀನೂ ಹಂಗೇ ಕೇಳಿದ್ಲು. ಸೀದಾ ನಾಯಕನ ಮುಂದೆ ಹೋಗಿ ನಿಂತು, ದೊರೆ, ನಿನ್ನೆ ನೀವೆಲ್ಲ ನನ್ನನ್ನೇ ಹೊಗಳಿದ್ರಲ್ಲ ಅಂದ್ಲು. ಹೊಗಳಿದ್ವಲ್ಲವ್ವಾ, ಎಲ್ಲರಿಗಿಂತ ಜಾಸ್ತಿ ನಿನ್ನನ್ನೇ ಹೊಗಳಿದ್ವಿ ಅಂದ ನಾಯಕ. ಮತ್ತೆ ಕಡವು ಅಣ್ಣನಿಗೆ ಹೆಂಗೆ ಹೋಯ್ತು ಅಂದ್ಲು. ನಾಯಕನಿಗೆ ನಿಜವಾಗ್ಲೂ ಆಶ್ಚರ್ಯವಾಯ್ತಂತೆ. ಹೊಗಳೋದು ಬೇರೆ, ಕಡವು ಒಪ್ಪಿಸೋದು ಬೇರೆ ಅಲ್ಲವೇನವ್ವಾ, ನೀನು ಹೆಣ್ಣಾಗಿ ಬಲು ಚೆನ್ನಾಗಿ ಹಾಕಿದೆ, ಅದಕ್ಕೆ ಸೀರೆ ಕೊಟ್ಟೆ, ಕಡವಿಗೆ ಅಂಬಿಗ ಬೇಕಲ್ಲ ಅಂದ್ನಂತೆ. ಹುಲಿಗಿ ಅಲ್ಲಿಂದ ಕದಲಲೇ ಇಲ್ಲ, ನಿಂತೇ ಇದ್ಲು. ಆಮೇಲೆ ಗೌಡ ನಡುವೆ ಬಾಯಿ ಹಾಕಿ, ಒಂದು ಸಲ ದಾಟಿಸಿದ್ದು ಅದೃಷ್ಟಾನೂ ಇರಬಹುದು, ಇನ್ನೊಂದು ಪರೀಕ್ಷೆ ಮಾಡೋಣ, ಹೊರೆ ಹೊತ್ತ ಹರಿಗೋಲು ದಾಟಿಸಲಿ ನೋಡೋಣ ಅಂದ.

ಆಗಲಿ ಅಂದ್ಲು ಹುಲಿಗಿ. ಜೋಳದ ಚೀಲ ಹೇರಿದ್ರು, ಅದರ ಮೇಲೆ ಎರಡು ಟಗರು ಕಟ್ಟಿದ್ರು. ಅದನ್ನೂ ದಾಟಿಸಿದ್ಲು. ದಡಕ್ಕೆ ಹತ್ತಿಸೋವಾಗ ಒಂದು ಚೀಲದ ಬಾಯಿ ಬಿಚ್ಚಿ ಒಂದು ಬೊಗಸೆ ಜೋಳ ನೀರಿಗೆ ಬಿತ್ತಂತೆ. ಅಷ್ಟೇ. ಸಂಜೆ ಹೊತ್ತಿಗೆ ಊರಲ್ಲಿ ಅದೇ ಮಾತು. ನೋಡಿದ್ರಾ, ಎಷ್ಟಾದ್ರೂ ಹೆಣ್ಣು ಕೈ, ಜೋಳ ಚೆಲ್ಲಿದ್ಲಂತೆ ಅಂತ ಬಾವಿ ಕಟ್ಟೇಲೂ ಅದೇ, ಗಾಣದ ಹತ್ರಾನೂ ಅದೇ. ಅದೇ ವಾರ ಪಾಮಣ್ಣನ ಹರಿಗೋಲಿಂದ ಶೆಟ್ಟಿಯ ಎಣ್ಣೆ ಕೊಡ ಕೊಡವೇ ಹೊಳೆಗೆ ಹೋಯ್ತು. ಶೆಟ್ಟಿ ಏನಂದ? ಕೊಡ ಜಾರಿಕೆ ಇತ್ತು ಅಂದ. ಇನ್ನೊಂದಿನ ಯಾರದೋ ಕುರಿ ನೀರಿಗೆ ಬಿತ್ತು, ಕುರೀನೇ ಪೆದ್ದು ಅಂದ್ರು.

ಆಮೇಲೆ ಹುಲಿಗಿ ಮತ್ತೆ ಕೋಟೆಗೆ ಹೋದ್ಲು. ಹಿರಿಯರು ಮೂವರೂ ಮುಖ ಮುಖ ನೋಡ್ಕೊಂಡು, ಚೆನ್ನಾಗೇ ದಾಟಿಸಿದೆಯವ್ವಾ, ಇಲ್ಲ ಅನ್ನಲ್ಲ, ಆದ್ರೆ ಈಗ ಹೊಳೆ ಬಡವಾಗಿದೆ, ಇಂಥಾ ಹೊಳೆ ಯಾರು ಬೇಕಾದ್ರೂ ದಾಟಿಸ್ತಾರೆ, ಮಳೆಗಾಲ ಬರಲಿ, ತುಂಬಿದ ಹೊಳೆ ದಾಟಿಸು, ಅದೇ ಮೂರನೇ ಪರೀಕ್ಷೆ ಅಂದ್ರಂತೆ. ಹುಲಿಗಿ, ನಮ್ಮಣ್ಣ ತುಂಬಿದ ಹೊಳೆ ದಾಟಿಸಿ ತೋರಿಸಿದಾನಾ ಅಂತ ಕೇಳಿದ್ಲು. ಅವನಿಗ್ಯಾಕವ್ವಾ ಪರೀಕ್ಷೆ, ಅವನ ಮೈ ನೋಡಿದ್ರೆ ಗೊತ್ತಾಗಲ್ವಾ ಅಂದ ಪೂಜಾರಿ. ಹುಲಿಗಿ ಮನೆಗೆ ಬಂದು ಆ ಹಸಿರು ಅಂಚಿನ ಸೀರೇನ ಮಡಚಿ ಪೆಟ್ಟಿಗೆ ತಳಕ್ಕೆ ಹಾಕಿದ್ಲು. ಅಪ್ಪ ಒಲೆ ಮುಂದೆ ಕೂತಿದ್ದೋನು, ಅಳ್ತಿದೀಯೇನೇ ಅಂತ ಕೇಳಿದ. ಇಲ್ಲಪ್ಪಾ, ಅವರು ಬೈದಿದ್ರೆ ಜಗಳ ಮಾಡಬಹುದಿತ್ತು, ಹೊಗಳಿದೋರ ಹತ್ರ ಹೆಂಗೆ ಜಗಳ ಮಾಡೋದು ಅಂದ್ಲಂತೆ.

ಹೂಂ ಅನ್ನು. ನಿದ್ದೆ ಬಂತಾ? ಇಲ್ವಾ? ಸರಿ, ಕೇಳು.

ಮಳೆಗಾಲ ಬಂತು. ಅಂಥಿಂಥಾ ಮಳೆ ಅಲ್ಲ, ಹೊಳೆ ಕೆಂಪಗೆ, ಹುಚ್ಚು ಕೋಣದ ಹಂಗೆ ಹರೀತಾ ಇತ್ತಂತೆ, ಮರಗಳೇ ಬೇರುಸಮೇತ ತೇಲ್ಕೊಂಡು ಹೋಗ್ತಿದ್ವಂತೆ. ಆವಾಗ ಆಚೆ ದಡದ ಬೆಟ್ಟದ ಮೇಲೆ ನಿಂತು ಒಬ್ಬ ಕೊಂಬು ಊದಿ, ಕೂಗಿ ಸುದ್ದಿ ಹೇಳಿದ. ಏನಪ್ಪಾ ಅಂದ್ರೆ, ನಾಯಕನ ತಾಯಿ ಹಿರೇವ್ವನ ತಮ್ಮನಿಗೆ ಜೀವ ಹೋಗೋ ಹಂಗಿದೆ, ಅಕ್ಕನ ಕೈಲಿ ನೀರು ಕುಡೀಬೇಕು ಅಂತ ಕಾಯ್ತಿದಾನೆ, ಅದಕ್ಕೆ ಕರೆ. ಆ ಹಿರೇವ್ವನಿಗೆ ಕಣ್ಣಿಗೆ ಪೊರೆ ಬಂದು ಎರಡು ಕಣ್ಣೂ ಕಾಣ್ತಾ ಇರಲಿಲ್ಲ. ಆದ್ರೆ ಗಟ್ಟಿ ಮುದುಕಿ. ಹೊಳೆ ತುಂಬಿದ್ರೆ ತುಂಬಲಿ, ನಾನು ಹೋಗೇ ಹೋಗ್ತೀನಿ, ಅಂಬಿಗನ್ನ ಕರೆಸು ಅಂದ್ಲು ಮಗನಿಗೆ.

ಪಾಮಣ್ಣನ್ನ ಕರೆಸಿದ್ರು. ಪಾಮಣ್ಣ ಹೊಳೆ ನೋಡಿ ಎರಡು ಹೆಜ್ಜೆ ಹಿಂದೆ ಸರಿದ. ದೊರೆ, ನನಗೆ ಹೆದರಿಕೆ ಆಗುತ್ತೆ ಅಂದ. ನಾಯಕ ಜೋರಾಗಿ ನಕ್ಕುಬಿಟ್ನಂತೆ. ಸುತ್ತ ಇದ್ದೋರೂ ಬಿದ್ದು ಬಿದ್ದು ನಕ್ಕರು. ಪಾಮಣ್ಣನಿಗೆ ಹೆದರಿಕೆಯಂತೆ, ಇಂಥಾ ಹೊತ್ತಲ್ಲೂ ತಮಾಷೆ ನೋಡು ಇವಂದು ಅಂತ ಬೆನ್ನು ತಟ್ಟಿ ಕಳಿಸಿದ್ರು. ನೋಡು ಕೂಸೇ, ಅವನು ನಿಜ ಹೇಳಿದ್ರೂ ನಂಬೋರಿಲ್ಲ.

ಪಾಮಣ್ಣ ಓಡಿ ಬಂದು ಹಿತ್ತಲಲ್ಲಿ ಹುಲ್ಲು ಹಾಕ್ತಿದ್ದ ತಂಗಿ ಮುಂದೆ ಕೂತುಬಿಟ್ಟ. ತಂಗೀ, ನನ್ನ ಕೈಲಾಗಲ್ಲ, ಅಂದ. ಒಲ್ಲೆ ಅನ್ನಬೇಕಾಗಿತ್ತು ಅಣ್ಣಾ ಅಂದ್ಲು ಹುಲಿಗಿ. ಅಂದೆ ಕಣೇ, ನಗ್ತಾರೆ. ಈ ಮೀಸೆ ನೋಡ್ತಾರೆ, ತೋಳು ನೋಡ್ತಾರೆ, ನನ್ನ ಮಾತು ಯಾರೂ ಕೇಳಲ್ಲ, ಆ ಮುದುಕೀನ ನಾನು ಮುಳುಗಿಸಿಬಿಡ್ತೀನಿ ಕಣೇ ಅಂತ ಗೊಳೋ ಅಂದ್ನಂತೆ. ಹುಲಿಗಿಗೆ ಅಣ್ಣನ ಮೇಲೆ ಅಷ್ಟು ದಿನ ಒಂದು ಸಣ್ಣ ಸಿಟ್ಟಿತ್ತು, ಅದು ಆವಾಗ ಇಳೀತಂತೆ. ಕೈ ತೊಳ್ಕೊಂಡು, ನಡಿ, ನೀನು ಹಿರೇವ್ವನ್ನ ಬಿಗಿಯಾಗಿ ಹಿಡ್ಕೊಂಡು ಕೂರು, ಹುಟ್ಟು ನಾನು ಹಾಕ್ತೀನಿ ಅಂದ್ಲು.

ಮಳೆ ಬರ್ತಿತ್ತಲ್ಲ, ಇಬ್ಬರೂ ತಲೆ ಮೇಲೆ ಕಂಬಳಿ ಕೊಪ್ಪೆ ಹಾಕ್ಕೊಂಡಿದ್ರು. ದಡದಲ್ಲಿದ್ದೋರಿಗೆ ಎರಡು ಕಂಬಳಿ ಕಂಡ್ವು, ಅಣ್ಣತಮ್ಮ ಇರಬೇಕು ಅಂದ್ಕೊಂಡ್ರು. ಹಿರೇವ್ವನೂ ಹಂಗೇ ಅಂದ್ಕೊಂಡ್ಲು, ನನ್ನನ್ನ ಹಿಡ್ಕೊಂಡಿರೋನು ಗಾದಿಲಿಂಗ, ಹುಟ್ಟು ಹಾಕ್ತಿರೋನು ಪಾಮಣ್ಣ ಅಂತ. ಹುಲಿಗಿ ಬಳೆಗಳನ್ನ ಮೊಣಕೈವರೆಗೂ ಏರಿಸಿ ಬಟ್ಟೆ ಸುತ್ತಿದ್ಲು, ಹುಟ್ಟಿಗೆ ತಗಲಿ ಒಡೀದೇ ಇರಲಿ ಅಂತ. ಪಾಮಣ್ಣನಿಗೆ ಭಯಕ್ಕೆ ಬಾಯೇ ಬರಲಿಲ್ಲ. ಹುಲಿಗಿ ಮೊದಲೇ ಮಾತಾಡೋಳಲ್ಲ.

ಆಮೇಲೆ ಹೊಳೆಗೆ ಬಿಟ್ರು. ಸೆಳವು ಹರಿಗೋಲನ್ನ ಎತ್ತಿ ಎತ್ತಿ ಹಾಕಿತು. ಹುಲಿಗಿ ಹೊಳೆ ಜೊತೆ ಜಗಳಕ್ಕೆ ಹೋಗಲಿಲ್ಲ, ಎಲ್ಲಿ ಬಿಡಬೇಕೋ ಅಲ್ಲಿ ಬಿಟ್ಲು, ಎಲ್ಲಿ ಹಿಡೀಬೇಕೋ ಅಲ್ಲಿ ಹಿಡಿದ್ಲು. ಒಂದು ಕಡೆ ಸುಳಿ ಬಾಯಿ ತಕ್ಕೊಂಡು ಕೂತಿತ್ತು, ಅದರ ಅಂಚಿನಲ್ಲೇ ಹಾಯಿಸ್ಕೊಂಡು ಹೋದ್ಲು. ಇನ್ನೊಂದು ಕಡೆ ಆನೆಯಷ್ಟು ದಪ್ಪ ಮತ್ತಿಮರ ತೇಲ್ತಾ ಎದುರಿಗೇ ಬಂತು. ಹುಲಿಗಿ ಹುಟ್ಟಿನಿಂದ ಅದಕ್ಕೊಂದು ಒತ್ತು ಕೊಟ್ಟು, ಅದೇ ಒತ್ತಿನಲ್ಲಿ ಹರಿಗೋಲನ್ನ ದಡದ ಕಡೆಗೆ ತಳ್ಳಿದ್ಲಂತೆ. ಅಂಗೈ ಸಿಪ್ಪೆ ಕಿತ್ತು ಬಂತು. ಅವಳಿಗೆ ಮೂರನೇ ಪರೀಕ್ಷೆ, ಕಡವು, ಯಾವುದೂ ನೆನಪಿರಲಿಲ್ಲವಂತೆ, ಮುಂದಿನ ನೀರು, ಅದರ ಮುಂದಿನ ನೀರು, ಇಷ್ಟೇ ಕಾಣ್ತಿತ್ತಂತೆ. ಮೆಟ್ಟಿಲು ಇರೋ ಜಾಗಕ್ಕೇ ಬಂದು ನಿಂತಾಗ ಪಾಮಣ್ಣ ಕಣ್ಣು ಬಿಟ್ಟ.

ಹಿರೇವ್ವ ಹೋದ್ಲು, ತಮ್ಮನ ಬಾಯಿಗೆ ನೀರು ಬಿಟ್ಲು. ಅಕ್ಕಾ, ಬಂದ್ಯಾ ಅಂದ ಅವನು, ಅವಳ ಕೈ ಹಿಡ್ಕೊಂಡೇ ಜೀವ ಬಿಟ್ಟ. ದಿನ ಕರ್ಮ ಎಲ್ಲ ಮುಗಿಸ್ಕೊಂಡು, ಹೊಳೆ ಇಳಿದಮೇಲೆ ಹಿರೇವ್ವ ಊರಿಗೆ ಬಂದ್ಲು. ಬಂದೋಳೇ ಮಗನ ಸಭೆಗೆ ಕೋಲು ಊರ್ಕೊಂಡು ಹೋಗಿ ಎಲ್ಲರ ಮುಂದೆ ಹೇಳಿದ್ಲಂತೆ, ನಾನು ಮದುವಣಗಿತ್ತಿಯಾಗಿ ಈ ಹೊಳೆ ದಾಟಿ ಬಂದಾಗಿಂದ ಎಷ್ಟೋ ಸಲ ದಾಟಿದೀನಿ, ಎಷ್ಟೋ ಅಂಬಿಗರನ್ನ ಕಂಡಿದೀನಿ, ಇಂಥಾ ಕೈ ಕಂಡಿಲ್ಲ. ಸಂಕಪ್ಪನ ಹರೆಯದಲ್ಲೂ ಹಿಂಗಿರಲಿಲ್ಲ. ಅಷ್ಟು ಹುಚ್ಚು ಹೊಳೇಲಿ ತೊಟ್ಟಿಲಲ್ಲಿ ಹಾಕಿ ತೂಗಿದಂಗೆ ಕರ್ಕೊಂಡು ಹೋದ. ಅಂಬಿಗ ಅಂದ್ರೆ ಅವನು ಕಣಪ್ಪಾ, ಮಿಕ್ಕೋರೆಲ್ಲ ನೀರು ಕಲಕೋರು ಅಂದ್ಲು.

ನಾಯಕನಿಗೆ ಸಂತೋಷ ತಡೀಲಿಲ್ಲ. ತನ್ನ ಕೈಯಲ್ಲಿದ್ದ ಬೆಳ್ಳಿ ಕಡಗ ತೆಗೆದು, ಬಾರೋ ಪಾಮಣ್ಣ, ಹಿಡಿ ಅಂದ. ಪಾಮಣ್ಣ ಕೈ ನೀಡಲಿಲ್ಲ. ತಲೆ ತಗ್ಗಿಸಿ, ಅದು ನಾನಲ್ಲ ದೊರೆ, ನನ್ನ ತಂಗಿ, ನಾನು ಬರೀ ಅವ್ವಾವರನ್ನ ಹಿಡ್ಕೊಂಡು ಕಣ್ಣು ಮುಚ್ಕೊಂಡಿದ್ದೆ ಅಂದ. ಮತ್ತೆ ನಗು ಎದ್ದಿತು. ಈ ಸಲ ಪಾಮಣ್ಣ ಗುಡಿ ಕಡೆ ಕೈ ಮಾಡಿ ಆಣೆ ಇಟ್ಟ. ನಗು ನಿಂತಿತು. ಹುಲಿಗೀನ ಕರೆಸಿದ್ರು. ಹಿರೇವ್ವ ಅವಳ ಕೈ ಮುಟ್ಟಿ ನೋಡಿದ್ಲು, ಬಳೆ ಮುಟ್ಟಿ ನೋಡಿದ್ಲು, ಅಂಗೈಲಿ ಮಾಯ್ತಾ ಇದ್ದ ಗಾಯ ಮುಟ್ಟಿ ನೋಡಿದ್ಲು.

ಆಮೇಲೆ ಏನಂದ್ಲು ಗೊತ್ತಾ? ಹೌದೇನೇ, ನೀನೇನಾ? ಪಾಪ, ಕೂಸು. ಹೆಣ್ಣಾಗಿ ಬಲು ಚೆನ್ನಾಗಿ ಹಾಕಿದೆ ಬಿಡವ್ವಾ. ಅಂತ ಗಲ್ಲ ಸವರಿ ಲಟಿಕೆ ಮುರಿದ್ಲು. ಒಂಚೂರು ಹೊತ್ತು ಬಿಟ್ಟು, ಈಗ ನೆನೆಸ್ಕೊಂಡ್ರೆ ನಡು ಹೊಳೇಲಿ ಒಂದು ಸಲ ಕುಲುಕಿತ್ತು ಕಣಪ್ಪಾ ಅಂದ್ಲು. ಇನ್ನೂ ಒಂಚೂರು ಹೊತ್ತು ಬಿಟ್ಟು, ನನ್ನ ಸೆರಗೂ ನೆನೆದಿತ್ತು ಅಂದ್ಲಂತೆ.

ಹಿರಿಯರು ಮೂವರೂ ಹೌದು ಹೌದು ಅಂತ ತಲೆ ಆಡಿಸಿದ್ರು. ನಾಯಕನೂ ತಲೆ ಆಡಿಸೋಕೆ ಹೋದೋನು ಅಲ್ಲೇ ನಿಲ್ಲಿಸಿದ. ಅವ್ವಾ, ಆವತ್ತು ಮಳೆ ಬರ್ತಿತ್ತಲ್ಲವ್ವಾ, ಸೆರಗು ನೆನೀದೇ ಇರುತ್ತಾ ಅಂತ ಕೇಳಿದ. ಹಿರೇವ್ವ ಸೆರಗಿನ ತುದಿ ಬೆರಳಿಗೆ ಸುತ್ಕೊಂಡ್ಲು. ಈಗಷ್ಟೇ ತೊಟ್ಟಿಲು ತೂಗಿದಂಗೆ ಅಂದೆಯಲ್ಲವ್ವಾ, ಕುಲುಕಿದ್ದು ಯಾವಾಗ ನೆನಪಾಯ್ತು ಅಂದ. ಹಿರೇವ್ವ ಹುಲಿಗಿಯ ಅಂಗೈನ ಇನ್ನೊಂದು ಸಲ ಹುಡುಕಿ ಹಿಡ್ಕೊಂಡ್ಲು. ಅವಳು ಸುಳ್ಳು ಹೇಳೋ ಹೆಂಗಸಲ್ಲ, ಅದು ನಾಯಕನಿಗೆ ಗೊತ್ತು. ಅವಳಿಗೂ ಗೊತ್ತು. ಅದಕ್ಕೇ ಅವಳಿಗೆ ಎಲ್ಲರಿಗಿಂತ ಜಾಸ್ತಿ ಗಾಬರಿ ಆಗಿದ್ದು.

ಆಮೇಲೆ ನಾಯಕ ಹಿರಿಯರ ಕಡೆ ತಿರುಗಿ ಒಂದೇ ಮಾತು ಕೇಳಿದ. ಆವತ್ತು ಪಾಮಣ್ಣ ನಿಮ್ಮನ್ನ ಮೆಟ್ಟಿಲಿಗೆ ತಂದು ನಿಲ್ಲಿಸಿ, ಹುಲಿಗಿ ಎಮ್ಮೆ ಕೆಸರಿಗೆ ಕರ್ಕೊಂಡು ಹೋಗಿದ್ದಿದ್ರೆ, ಇನ್ನೆರಡು ಪರೀಕ್ಷೆ ಯಾರಿಗೆ ಇಡ್ತಿದ್ರಿ ಅಂತ. ಶೆಟ್ಟಿ, ಯಾರಿಗೂ ಇಡ್ತಿರಲಿಲ್ಲ ದೊರೆ, ಆವತ್ತೇ ಮುಗಿದುಹೋಗ್ತಿತ್ತು ಅಂತ ಮೆಲ್ಲಗೆ ಅಂದ. ಅಲ್ಲ ದೊರೆ, ಎಷ್ಟಾದ್ರೂ ಕಡವಿನ ವಿಚಾರ, ಬೇಕಾದ್ರೆ ಇನ್ನೊಂದೇ ಒಂದು ಪರೀಕ್ಷೆ ಅಂತ ಪೂಜಾರಿ ಬಾಯಿ ತೆಗೆದ. ಇಡೋಣ, ಮೂವರಿಗೂ ಇಡೋಣ, ನೀವೂ ಜೊತೆಗೆ ಕೂತ್ಕೊಳ್ಳಿ, ಮುಂದಿನ ಮಳೇಲಿ ಪಾಮಣ್ಣನ ಹರಿಗೋಲಲ್ಲೇ ಮೊದಲು ಹೋಗಿ ಅಂದ ನಾಯಕ. ಪೂಜಾರಿ ಮೆಲ್ಲಗೆ ಗೌಡನ ಹಿಂದಕ್ಕೆ ಸರಿದ. ಗಾದಿಲಿಂಗ ದೂರದಿಂದಲೇ, ನನಗೆ ಯಾವ ಪರೀಕ್ಷೇನೂ ಬೇಡಪ್ಪೋ ಅಂತ ಕೈ ಮುಗಿದುಬಿಟ್ನಂತೆ.

ನಾಯಕ ಎದ್ದು ಬಂದು ಹುಟ್ಟನ್ನ ಹುಲಿಗಿ ಕೈಗೆ ಕೊಟ್ಟ. ಹುಲಿಗಿ ತಗೊಂಡ್ಲು, ಹೊಗಳಬೇಡಿ ದೊರೆ ಅಂದ್ಲು, ಅಷ್ಟೇ ಅಂದಿದ್ದು. ಸಭೆ ಮುಗಿದು ಎಲ್ಲರೂ ಏಳ್ತಿರಬೇಕಾದ್ರೆ ಹಿರೇವ್ವ ಕೋಲು ಕುಟ್ಟಿ, ತಡೀರಿ, ನಾನು ಮೊದಲು ಏನಂದಿದ್ನೋ ಅದೇ ಸರಿ, ಆಮೇಲಿಂದು ನಾನು ಹೇಳಿದ್ದಲ್ಲ, ಈ ಬಳೆ ಹೇಳಿಸಿದ್ದು ಅಂದ್ಲಂತೆ.

ಅಲ್ಲಿಂದ ಮುಂದೆ ಹುಲಿಗೀನೇ ಕಡವಿನ ಒಡತಿ. ಜನ ಒಂದೆರಡು ತಿಂಗಳು ಬೆರಗಿಂದ ನೋಡಿದ್ರು, ಆಮೇಲೆ ರೂಢಿಯಾಯ್ತು, ಹರಿಗೋಲಲ್ಲಿ ಕೂತು ಅವರವರ ಸಂಸಾರದ ಮಾತು ಆಡ್ಕೊಂಡು ದಾಟೋರು. ಪಾಮಣ್ಣನಿಗಂತೂ ಸೆರೆಮನೆಯಿಂದ ಬಿಟ್ಟಂಗಾಯ್ತು. ದಡದ ಮೇಲೆ ಒಣ ನೆಲದಲ್ಲಿ ಕೂತು ಬಿದಿರು ಸೀಳಿ ತಂಗಿಗೆ ಹರಿಗೋಲು ಹೆಣೆದು ಕೊಡ್ತಿದ್ನಂತೆ, ಅವನು ಹೆಣೆದ ಹರಿಗೋಲಿಗೆ ಒಂದು ತೊಟ್ಟು ನೀರು ಒಳಗೆ ಬರ್ತಿರಲಿಲ್ಲವಂತೆ. ಗಾದಿಲಿಂಗ ಸಂತೇಲಿ ಎತ್ತಿನ ದಲ್ಲಾಳಿಯಾದ, ಮಾತಿಗೆ ಅದಕ್ಕಿಂತ ಒಳ್ಳೇ ಜಾಗ ಎಲ್ಲಿದೆ.

ಇಲ್ಲಿಗೆ ಮುಗೀತು ಅಂದ್ಕೊಂಡ್ಯಾ? ಇನ್ನೊಂಚೂರಿದೆ.

ಆಚೆ ದಡದ ಊರಲ್ಲಿ ಕೊಟ್ರ ಅಂತ ಒಬ್ಬ ನೇಕಾರರ ಹುಡುಗ ಇದ್ದ. ಸಂತೆ ಸಂತೆಗೂ ಸೀರೆ ಗಂಟು ಹೊತ್ಕೊಂಡು ಹುಲಿಗಿ ಹರಿಗೋಲಲ್ಲೇ ಬರೋನು. ಮಗ್ಗದ ಗುಂಡೀಲಿ ಕಾಲು ಇಳಿಬಿಟ್ಕೊಂಡು ದಿನವೆಲ್ಲ ಗೋಡೆ ನೋಡಿ ನೋಡಿ ಸಾಕಾಗಿದೆ, ನನಗೂ ಹುಟ್ಟು ಹಾಕೋದು ಕಲಿಸ್ತೀಯಾ ಅಂತ ಒಂದಿನ ಕೇಳಿದ. ಹುಲಿಗಿಗೆ ನಗು ಬಂತು. ನೇಕಾರರು ಅಂದ್ರೆ ಮೆತ್ತನೆ ಕೈಯೋರು, ಮೊಣಕಾಲು ನೀರಿಗೂ ಹೆದರೋರು ಅಂತ ಅಂಬಿಗರ ಕೇರೀಲಿ ಮೊದಲಿಂದಲೂ ಆಡ್ಕೊಳ್ಳೋರು. ಹಾಕು ನೋಡೋಣ ಅಂತ ಹುಟ್ಟು ಕೊಟ್ಲು. ಅವನು ಹಾಕಿದ, ಹರಿಗೋಲು ಹಂಗೂ ಹಿಂಗೂ ಓಲಾಡ್ಕೊಂಡು ಮುಳುಗದೇ ಹೋಯ್ತು. ಹುಲಿಗಿ ಬಾಯಿ ಅಗಲಿಸಿ, ಪರವಾಗಿಲ್ವೇ, ನೇಕಾರನಾಗಿ ಎಷ್ಟು ಚೆನ್ನಾಗಿ ಹಾಕ್ತೀಯೋ ಅಂದ್ಲಂತೆ.

ಕೊಟ್ರ ಹುಟ್ಟು ನಿಲ್ಲಿಸಿದ. ಚೆನ್ನಾಗಿ ಹಾಕ್ತೀನೋ, ನೇಕಾರನಾಗಿ ಚೆನ್ನಾಗಿ ಹಾಕ್ತೀನೋ, ಯಾವುದು ಅದು ಹೇಳಿಬಿಡು ಅಂದ.

ಹುಲಿಗಿಗೆ ಕಿವಿ ಬಿಸಿಯಾಯ್ತು. ಹುಟ್ಟು ನಿಂತಿತ್ತಲ್ಲ, ಹರಿಗೋಲು ತನ್ನ ಪಾಡಿಗೆ ತಾನು ಒಂದು ಸುತ್ತು ತಿರುಗಿತು. ನಾಯಕನ ಮೇಲೆ, ಹಿರಿಯರ ಮೇಲೆ ತಾನು ಪಟ್ಟ ಸಿಟ್ಟೆಲ್ಲ ಅವಳ ಕಣ್ಣ ಮುಂದೆ ಬಂತು. ಅದೇ ಮಾತು ಈಗ ತನ್ನ ಬಾಯಿಂದ, ಅದೂ ಪ್ರೀತಿಯಿಂದಲೇ, ಎಷ್ಟು ಸಲೀಸಾಗಿ ಬಂತಲ್ಲ ಅಂತ ಅವಳಿಗೆ ಒಂಥರಾ ಆಯ್ತಂತೆ. ಆಮೇಲೆ ಅವನ ಮುಖಾನೇ ನೋಡ್ಕೊಂಡು ಹೇಳಿದ್ಲು, ಇಲ್ಲ, ಕೆಟ್ಟದಾಗಿ ಹಾಕ್ತಿದೀಯ. ಮೊಣಕೈ ಮೇಲಕ್ಕೆ ಎತ್ತಿದೀಯ, ಹುಟ್ಟು ನೀರಿನ ಮೇಲೇ ಜಾರ್ತಿದೆ, ಒಳಗೆ ಇಳೀತಿಲ್ಲ. ಸೆಳವು ಎಡಕ್ಕಿದ್ರೆ ನೀನು ಬಲಕ್ಕೆ ನೋಡ್ತಿದೀಯ. ಹಿಂಗೇ ಹಾಕಿದ್ರೆ ಮಳೆಗಾಲದಲ್ಲಿ ನೀನೂ ಹೋಗ್ತೀಯ, ನಿನ್ನ ನಂಬಿ ಕೂತೋರೂ ಹೋಗ್ತಾರೆ ಅಂದ್ಲು.

ಕೊಟ್ರನ ಮುಖ ಊರಗಲ ಆಯ್ತಂತೆ. ಹಂಗೆ ಹೇಳು ಮತ್ತೆ, ಈಗ ಕಲಿಸು ಅಂದ, ಮೊಣಕೈ ಕೆಳಗಿಳಿಸಿದ.

ಅವಳು ಕಲಿಸಿದ್ಲು, ಅವನು ಕಲಿತ. ಬೈಸ್ಕೊಂಡು ಬೈಸ್ಕೊಂಡು ಕಲಿತ. ಆಮೇಲೆ ಒಂದು ಬೇಸಿಗೇಲಿ, ಹೊಳೆ ಇಳಿದಿದ್ದಾಗ, ಅವರಿಬ್ಬರಿಗೂ ಮದುವೆ ಆಯ್ತಂತೆ. ಸೀರೆ ಅವನೇ ನೆಯ್ದ, ಅಂಚು ಯಾವ ಬಣ್ಣ ಬೇಕು ಅಂತ ಅವಳನ್ನೇ ಕೇಳಿ ನೆಯ್ದ. ಈಚೆ ದಡದೋರಿಗೆ ಅವಳು, ಆಚೆ ದಡದೋರಿಗೆ ಅವನು, ಹಿಂಗೆ ಎರಡು ಹರಿಗೋಲು ಎದುರುಬದುರು ಓಡಾಡ್ತಿದ್ವಂತೆ, ನಡು ಹೊಳೇಲಿ ಸಿಕ್ಕಾಗ ಅವಳು ಅವನ ಮೊಣಕೈ ನೋಡ್ತಿದ್ಲಂತೆ.

ಅವರು ದಾಟಿಸ್ತಾ ಸುಖವಾಗಿದ್ರು, ಊರೋರು ದಾಟ್ತಾ ಸುಖವಾಗಿದ್ರು. ಕತೆ ಮುಗೀತು ಕೂಸೇ, ಇನ್ನು ನಿನ್ನನ್ನ ನಿದ್ದೆ ದಾಟಿಸಲಿ. ಆ ಕಡೆ ತಿರುಗಿ ಮಲಕ್ಕೋ.